ಹಚ್ಚೆಯ ಅಜ್ಜಿಯರ ಭಾವಚಿತ್ರ ತೆಗೆಯುವ ಮುನ್ನ ಫಿಲಿಪೀನ್ಸಿನವರ ಕೆಲಸ ನೋಡಿ

ನಮ್ಮ ಛಾಯಾಗ್ರಹಣ ಗುಂಪಿನ ಗದಗ ಕಡೆಯ ಸದಸ್ಯರ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಅವರ ಊರಿನಲ್ಲಿ ಕೈತುಂಬ ಹಚ್ಚೆ ಹಾಕಿಸಿಕೊಂಡ ಅಜ್ಜಿಯರು ಕೆಲವರಷ್ಟೇ ಉಳಿದಿದ್ದಾರೆ, ಅವರ ಭಾವಚಿತ್ರಗಳ ಒಂದು ಸರಣಿ ಮಾಡಬೇಕೆಂದಿದ್ದಾರೆ. ಅವರ ಬಳಿ ಇರುವುದು ಒಂದು ಹಳೆಯ ಡಿಎಸ್‌ಎಲ್‌ಆರ್, ಒಂದು 50 ಎಂಎಂ ಲೆನ್ಸ್. ಯಾರ ಕೆಲಸ ನೋಡಬೇಕು, ಬಣ್ಣವೋ ಕಪ್ಪು-ಬಿಳುಪೋ, ಅಜ್ಜಿಯರಿಗೆ ಹಣ ಕೊಡಬೇಕೋ ಬೇಡವೋ ಎಂದು ಕೇಳಿದ್ದಾರೆ. ಮೇಲಿನ ಉತ್ತರಗಳಲ್ಲಿ ಇಬ್ಬರು ಯುರೋಪ್, ಅಮೆರಿಕದ ದೊಡ್ಡ ಹೆಸರುಗಳನ್ನು ಸೂಚಿಸಿದ್ದಾರೆ. ಅವರನ್ನೂ ನೋಡಿ, ತಪ್ಪಿಲ್ಲ. ಆದರೆ ನಿಮ್ಮ ಕೆಲಸಕ್ಕೆ ನಿಜವಾಗಿ ದಾರಿ ತೋರಿಸಬಲ್ಲವರು ಫಿಲಿಪೀನ್ಸಿನ ಛಾಯಾಗ್ರಾಹಕರು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ತಮ್ಮವರನ್ನೇ ತೆಗೆದಿದ್ದಾರೆ, ವರ್ಷಗಟ್ಟಲೆ ತೆಗೆದಿದ್ದಾರೆ.

ಮೊದಲು ಜೇಕ್ ವೆರ್ಸೋಸಾ. ನಿಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಕೆಲಸ ನನಗೆ ಕಂಡಿಲ್ಲ. ಫಿಲಿಪೀನ್ಸಿನ ಲೂಜಾನ್ ದ್ವೀಪದ ಉತ್ತರ ಭಾಗದಲ್ಲಿ ಕಾರ್ಡಿಲೆರಾ ಎಂಬ ಪರ್ವತಸಾಲು ಇದೆ. ಅಲ್ಲಿನ ಕಲಿಂಗಾ ಪ್ರಾಂತ್ಯದ ಹೆಂಗಸರು (ಒಡಿಶಾದ ಕಳಿಂಗಕ್ಕೂ ಇದಕ್ಕೂ ಸಂಬಂಧವಿಲ್ಲ) ತಲೆಮಾರುಗಳಿಂದ ಮುಂಗೈಯಿಂದ ಭುಜದವರೆಗೆ ಬಾತೊಕ್ ಎಂಬ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಚಕ್ಕೋತದಂಥ ಗಿಡದ ಮುಳ್ಳನ್ನು ಕೋಲಿಗೆ ಸಿಕ್ಕಿಸಿ, ನೀರಿನಲ್ಲಿ ಕಲಸಿದ ಮಸಿಯಲ್ಲಿ ಅದ್ದಿ, ಇನ್ನೊಂದು ಕೋಲಿನಿಂದ ಟಕಟಕನೆ ಬಡಿಯುತ್ತ ಚರ್ಮಕ್ಕೆ ಇಳಿಸುತ್ತಾರೆ. ಜರೀಗಿಡದ ಎಲೆ, ಶತಪದಿ, ಹೆಬ್ಬಾವಿನ ಹುರುಪೆ, ಭತ್ತದ ಕಟ್ಟು, ಇವೆಲ್ಲ ಅದರ ವಿನ್ಯಾಸಗಳು. ಹೆಣ್ಣಿಗೆ ಅದು ಚೆಲುವೂ ಹೌದು, ಅಂತಸ್ತೂ ಹೌದು. ಮಿಷನರಿಗಳು ಬಂದು, ಹಚ್ಚೆಯ ಕೈ ಕಂಡರೆ ಕೀಳಾಗಿ ನೋಡುವ ಕಾಲ ಬಂದ ಮೇಲೆ ಪದ್ಧತಿ ಕ್ಷೀಣಿಸಿತು.

ಕಲಿಂಗಾಕ್ಕೆ ನೆರೆಯ ಟುಗೆಗರಾವ್‌ನಲ್ಲಿ ಬೆಳೆದ ವೆರ್ಸೋಸಾ 2009ರಿಂದ 2013ರವರೆಗೆ ಆ ಬೆಟ್ಟದ ಹಳ್ಳಿಗಳಿಗೆ ಹೋಗಿ, ಉಳಿದಿದ್ದ ಮುದುಕಿಯರ ಚಿತ್ರ ತೆಗೆದರು. ಅದು ‘ದಿ ಲಾಸ್ಟ್ ಟ್ಯಾಟೂಡ್ ವಿಮೆನ್ ಆಫ್ ಕಲಿಂಗಾ’ ಎಂಬ ಪುಸ್ತಕವಾಗಿ ಜರ್ಮನಿಯ ಸ್ಟೈಡಲ್ ಪ್ರಕಾಶನದಿಂದ ಬಂತು. ಎಲ್ಲವೂ ಕಪ್ಪು-ಬಿಳುಪು. ನೋಡುವಾಗ ಒಂದು ಸಂಗತಿ ಗಮನಿಸಿ: ಪ್ರತಿಯೊಬ್ಬರನ್ನೂ ಆತ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕೂರಿಸಿದ್ದಾರೆ. ಗದ್ದಲವಿಲ್ಲದ ಹಿನ್ನೆಲೆ, ಮೆದುವಾದ ಬೆಳಕು, ಕ್ಯಾಮೆರಾದತ್ತ ನೆಟ್ಟ ನೋಟ. ಕ್ರಮ ಬದಲಾಗದೇ ಇರುವುದರಿಂದ ನಮ್ಮ ಕಣ್ಣು ತಾನಾಗಿಯೇ ಮುಖದಿಂದ ಮುಖಕ್ಕೆ ಇರುವ ವ್ಯತ್ಯಾಸದ ಮೇಲೆ ನಿಲ್ಲುತ್ತದೆ. ಒಬ್ಬಾಕೆಯ ಬಿಗಿದ ತುಟಿ, ಇನ್ನೊಬ್ಬಾಕೆಯ ಮಣಿಸರ, ಮತ್ತೊಬ್ಬಾಕೆಯ ಸುಕ್ಕಿನಲ್ಲಿ ಮಡಚಿಕೊಂಡ ಗೆರೆಗಳು. ನೀವು ಮಾಡಬೇಕಾದ ಮೊದಲ ಕೆಲಸವೂ ಇದೇ. ಒಂದು ದೂರ, ಒಂದು ಬೆಳಕು, ಒಂದು ಚೌಕಟ್ಟು ಎಂದು ನಿರ್ಧರಿಸಿ, ಸರಣಿ ಮುಗಿಯುವವರೆಗೆ ಅದನ್ನು ಬಿಡಬೇಡಿ. ಒಂದು ಚಿತ್ರ ಹೊಲದಲ್ಲಿ, ಒಂದು ಜಾತ್ರೆಯಲ್ಲಿ, ಒಂದು ಅಡುಗೆಮನೆಯಲ್ಲಿ ತೆಗೆದರೆ ಬಿಡಿ ಚಿತ್ರಗಳು ಸಿಗುತ್ತವೆ, ಸರಣಿ ಸಿಗುವುದಿಲ್ಲ. “ಜಾತ್ರೆಗೆ ಹೋಗಿ, ಒಂದೇ ದಿನ ನೂರು ಮುಖ ಸಿಗುತ್ತವೆ” ಎಂದು ಮೇಲೆ ಒಬ್ಬರು ಹೇಳಿದ್ದನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಇನ್ನು ಹಚ್ಚೆ ಕಾಣುವಂತೆ ತೆಗೆಯುವ ಉಪಾಯ. ಕ್ಯಾಮೆರಾದ ಮೇಲಿನ ಫ್ಲ್ಯಾಷ್ ಬೇಡವೇ ಬೇಡ. ಎದುರಿನಿಂದ ಬಿದ್ದ ಗಡಸು ಬೆಳಕಿಗೆ ಚರ್ಮ ಮಿರುಗುತ್ತದೆ, ಆ ಮಿರುಗಿನಲ್ಲಿ ಹಳೆಯ ಹಚ್ಚೆಯ ಗೆರೆ ಅಳಿಸಿಹೋಗುತ್ತದೆ. ಅಜ್ಜಿಯನ್ನು ಪಡಸಾಲೆಯ ಬಾಗಿಲಿನ ಹತ್ತಿರ, ನೇರ ಬಿಸಿಲು ಬೀಳದ ಕಡೆ ಕೂರಿಸಿ. ಬೆಳಕು ಪಕ್ಕದಿಂದ ಬರಲಿ. ಹಿಂದೆ ಒಂದು ಬೂದು ಅಥವಾ ಕಪ್ಪು ಕಂಬಳಿ ಕಟ್ಟಿ, ಅಜ್ಜಿಗೂ ಕಂಬಳಿಗೂ ಮೂರು ನಾಲ್ಕು ಅಡಿ ಅಂತರ ಬಿಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/4 ಅಥವಾ ಎಫ್/5.6 ಇಡಿ. ಎಫ್/1.8ಕ್ಕೆ ತೆರೆದರೆ ಕಣ್ಣು ಸ್ಪಷ್ಟವಾಗಿ, ಮಡಿಲಲ್ಲಿಟ್ಟ ಕೈ ಮಸುಕಾಗುತ್ತದೆ. ನಿಮಗೆ ಎರಡೂ ಬೇಕು. ಶಟರ್ ವೇಗವನ್ನು 1/125 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ವಯಸ್ಸಾದವರ ಕೈ ಸಣ್ಣಗೆ ನಡುಗುತ್ತಿರುತ್ತದೆ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800, 1600ರವರೆಗೆ ಧೈರ್ಯವಾಗಿ ಏರಿಸಿ. ರಾ ಫೈಲ್ (ಕ್ಯಾಮೆರಾ ದಾಖಲಿಸಿದ, ತಿದ್ದದ ಮೂಲ ಕಡತ) ಇಟ್ಟುಕೊಳ್ಳಿ.

ಬಣ್ಣವೋ ಕಪ್ಪು-ಬಿಳುಪೋ ಎಂಬುದಕ್ಕೆ ಉತ್ತರ ಇಲ್ಲಿದೆ. ಹಳೆಯ ಹಚ್ಚೆ ನೀಲಿ-ಹಸಿರು ಛಾಯೆಗೆ ತಿರುಗಿರುತ್ತದೆ. ನಮ್ಮ ಕಂದು ಚರ್ಮ ಕೆಂಪು ಬೆಳಕನ್ನು ಹೆಚ್ಚು ಹಿಂತಿರುಗಿಸುತ್ತದೆ, ಹಚ್ಚೆಯ ಮಸಿ ಅದನ್ನು ನುಂಗುತ್ತದೆ. ಆದ್ದರಿಂದ ಕಪ್ಪು-ಬಿಳುಪಿಗೆ ಬದಲಿಸುವಾಗ ಸಾಫ್ಟ್‌ವೇರಿನಲ್ಲಿ ಕೆಂಪು ಮತ್ತು ಕಿತ್ತಳೆ ಬಣ್ಣದ ಸ್ಲೈಡರುಗಳನ್ನು ಮೇಲಕ್ಕೆ, ಹಸಿರು-ನೀಲಿಯನ್ನು ಕೆಳಕ್ಕೆ ಎಳೆಯಿರಿ. ಚರ್ಮ ತಿಳಿಯಾಗಿ, ಗೆರೆಗಳು ಕಡುವಾಗಿ ಎದ್ದುಬರುತ್ತವೆ. ಆದರೆ ಮಿತಿಯಲ್ಲಿ ಮಾಡಿ. ಹೆಚ್ಚು ಎಳೆದರೆ ಅಜ್ಜಿಯ ಮೈಬಣ್ಣವೇ ಸುಳ್ಳಾಗುತ್ತದೆ, ಅದು ಅವರಿಗೆ ಮಾಡುವ ಅನ್ಯಾಯ. ಬಣ್ಣದಲ್ಲಿಯೇ ತೆಗೆಯುವ ಮನಸ್ಸಿದ್ದರೆ ಇಳಕಲ್ ಸೀರೆಯ ಅಂಚು, ಹಸಿರು ಬಳೆ, ಕುಂಕುಮ ಎಲ್ಲವೂ ಹಚ್ಚೆಯೊಡನೆ ಸ್ಪರ್ಧಿಸುತ್ತವೆ ಎಂಬುದು ನೆನಪಿರಲಿ. ನನ್ನನ್ನು ಕೇಳಿದರೆ ಕಪ್ಪು-ಬಿಳುಪೇ ಸರಿ.

ವೆರ್ಸೋಸಾ ನಿಂತಿರುವುದು ಎಡ್ವಾರ್ಡೊ ಮಾಸ್ಫೆರ್ರೆ ಹಾಕಿದ ತಳಹದಿಯ ಮೇಲೆ. 1909ರಲ್ಲಿ ಅದೇ ಕಾರ್ಡಿಲೆರಾದ ಸಗಾಡಾದಲ್ಲಿ ಹುಟ್ಟಿದವರು. ತಂದೆ ಸ್ಪೇನಿನವರು, ತಾಯಿ ಸ್ಥಳೀಯ ಕಂಕನಾಯ್ ಸಮುದಾಯದವರು. ಯಾವ ಗುರುವೂ ಇಲ್ಲದೆ ತಾವಾಗಿಯೇ ಕಲಿತು, 1934ರಿಂದ 1956ರವರೆಗೆ ಬೊಂಟೊಕ್, ಕಲಿಂಗಾ ಮುಂತಾದ ಸಮುದಾಯಗಳ ನಡುವೆ ಓಡಾಡಿ ಚಿತ್ರ ತೆಗೆದರು. ಎರಡನೆಯ ಮಹಾಯುದ್ಧದ ನಂತರ ಬೊಂಟೊಕ್ ಪಟ್ಟಣದಲ್ಲಿ ಸ್ಟುಡಿಯೋ ಇಟ್ಟು ಜೀವನ ನಡೆಸಿದರು. ಹೊರಜಗತ್ತು ಅವರನ್ನು ಗುರುತಿಸಿದ್ದು 1980ರ ದಶಕದಲ್ಲಿ, ಅವರಿಗೆ ಎಪ್ಪತ್ತು ದಾಟಿದ ಮೇಲೆ. 1988ರಲ್ಲಿ ಪುಸ್ತಕ ಬಂತು, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಅವರ ಮುದ್ರಣಗಳನ್ನು ಸಂಗ್ರಹಿಸಿತು. 1995ರಲ್ಲಿ ತೀರಿಕೊಂಡರು.

ಮಾಸ್ಫೆರ್ರೆ ಎಷ್ಟು ದೊಡ್ಡವರು ಎಂದು ತಿಳಿಯಲು ಅವರಿಗಿಂತ ಮೊದಲು ಆ ಬೆಟ್ಟಗಳಿಗೆ ಕ್ಯಾಮೆರಾ ತಂದವರನ್ನು ನೋಡಬೇಕು. ಫಿಲಿಪೀನ್ಸ್ ಅಮೆರಿಕದ ವಶದಲ್ಲಿದ್ದಾಗ ಡೀನ್ ವೂಸ್ಟರ್ ಎಂಬ ಪ್ರಾಣಿಶಾಸ್ತ್ರಜ್ಞ 1901ರಿಂದ 1913ರವರೆಗೆ ಅಲ್ಲಿನ ಆಡಳಿತದಲ್ಲಿ ಒಳಾಡಳಿತ ಕಾರ್ಯದರ್ಶಿಯಾಗಿದ್ದ. ಆತನ ಸಂಗ್ರಹದಲ್ಲಿ ಸಾವಿರಾರು ಚಿತ್ರಗಳಿವೆ. ಮನುಷ್ಯನನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನಿಲ್ಲಿಸಿ ತೆಗೆದು, ಕೆಳಗೆ ಬುಡಕಟ್ಟಿನ ಹೆಸರು ಬರೆಯುವುದು. ಆ ಚಿತ್ರಗಳನ್ನು ತೋರಿಸಿ, ಈ ಜನ ಸ್ವಂತ ಆಳ್ವಿಕೆಗೆ ಯೋಗ್ಯರಲ್ಲ ಎಂದು ಆತ ಅಮೆರಿಕದಲ್ಲಿ ಭಾಷಣ ಮಾಡಿದ, ಲೇಖನ ಬರೆದ. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಕಾರ್ಡಿಲೆರಾದ ಜನರನ್ನೇ ಕರೆದೊಯ್ದು ಪ್ರದರ್ಶನಕ್ಕಿಟ್ಟ ಕಾಲ ಅದು. ನಮ್ಮಲ್ಲಿಯೂ ಬ್ರಿಟಿಷರು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಭಾರತದ ಜಾತಿ, ಬುಡಕಟ್ಟುಗಳ ಫೋಟೋ ಅಚ್ಚು ಹಾಕಿಸಿದ್ದರು. ಹೆಚ್ಚಿನ ಕಡೆ ವ್ಯಕ್ತಿಯ ಹೆಸರಿಲ್ಲ, ಜಾತಿಯ ಹೆಸರಿದೆ. ವೂಸ್ಟರ್ ಓಡಾಡಿದ್ದ ಬೆಟ್ಟಗಳಲ್ಲಿಯೇ ಮಾಸ್ಫೆರ್ರೆ ತೆಗೆದ ಚಿತ್ರಗಳಲ್ಲಿ ಜನ ತಮ್ಮ ಮನೆಯಂಗಳದಲ್ಲಿ, ತಮ್ಮ ಗದ್ದೆಯಲ್ಲಿ ತಲೆಯೆತ್ತಿ ನಿಂತಿದ್ದಾರೆ. ಆತ ಅವರ ಊರಿನವನೇ ಎಂಬುದು ನೋಟದಲ್ಲಿಯೇ ತಿಳಿಯುತ್ತದೆ.

ನೀವೂ ನಿಮ್ಮ ಊರಿನವರು, ಅದು ನಿಮ್ಮ ದೊಡ್ಡ ಬಲ. ಆದರೂ ಪ್ರತಿ ಚಿತ್ರಕ್ಕೂ ಒಂದು ಪರೀಕ್ಷೆ ಹಾಕಿ: ಅಜ್ಜಿಯ ಮೊಮ್ಮಗಳು ಈ ಚಿತ್ರವನ್ನು ಮನೆಯ ಗೋಡೆಗೆ ಹಾಕಿಕೊಳ್ಳುತ್ತಾಳೆಯೇ? ಹಾಕಿಕೊಳ್ಳಲಾರಳು ಎನಿಸಿದರೆ ಆ ಚಿತ್ರ ಬಿಡಿ, ಎಷ್ಟೇ ಚೆನ್ನಾಗಿ ಬಂದಿರಲಿ. ಅಡಿಬರಹದಲ್ಲಿ ಅಜ್ಜಿ ಒಪ್ಪಿದರೆ ಅವರ ಹೆಸರು, ಊರು, ಹಚ್ಚೆ ಹಾಕಿದವರು ಯಾರು, ಮದುವೆಗೆ ಮೊದಲೋ ನಂತರವೋ, ನೋವಿಗೆ ಏನು ಹಚ್ಚಿದರು, ಇವನ್ನು ಬರೆಯಿರಿ. ಸೆರಗು ಹೇಗಿರಬೇಕು, ತೋಳು ಎಲ್ಲಿಯವರೆಗೆ ಕಾಣಬೇಕು ಎಂಬುದು ಅಜ್ಜಿಯ ತೀರ್ಮಾನ, ನಿಮ್ಮದಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ‘ಕೊನೆಯ ತಲೆಮಾರು’ ಎಂಬ ಶೀರ್ಷಿಕೆಯ ಆಸೆಗೆ ಬೀಳಬೇಡಿ. ಕಲಿಂಗಾದ ಬುಸ್ಕಲಾನ್ ಹಳ್ಳಿಯ ಹಚ್ಚೆಗಾರ್ತಿ ವಾಂಗ್-ಓಡ್ ಅವರನ್ನು ಎಷ್ಟೋ ವರ್ಷ ಈ ವಿದ್ಯೆಯ ಕೊನೆಯ ಕೊಂಡಿ ಎಂದೇ ಪತ್ರಿಕೆಗಳು ಬರೆದವು. ಅವರು ಮೊಮ್ಮಕ್ಕಳ ವರಸೆಯ ಹುಡುಗಿಯರಿಗೆ ವಿದ್ಯೆ ಕಲಿಸಿದರು, ಈಗ ಅವರೂ ಹಚ್ಚೆ ಹಾಕುತ್ತಿದ್ದಾರೆ. 2023ರ ಏಪ್ರಿಲ್‌ನಲ್ಲಿ, 106ರ ವಯಸ್ಸಿನಲ್ಲಿ, ವಾಂಗ್-ಓಡ್ ‘ವೋಗ್ ಫಿಲಿಪೀನ್ಸ್’ ಪತ್ರಿಕೆಯ ಮುಖಪುಟಕ್ಕೆ ಬಂದರು. ಆ ಚಿತ್ರ ತೆಗೆದದ್ದು ಆರ್ಟು ನೆಪೊಮುಸೆನೊ. ಅದನ್ನೂ ನೋಡಿ. ಫ್ಯಾಷನ್ ಪತ್ರಿಕೆಯ ಮುಖಪುಟದಲ್ಲಿ ಸುಕ್ಕುಗಳನ್ನು ಮುಚ್ಚದೆ, ತಿದ್ದದೆ, ಇಡೀ ಚಿತ್ರವನ್ನು ಮುಖ ಮತ್ತು ಹಚ್ಚೆಗಳ ಮೇಲೆಯೇ ನಿಲ್ಲಿಸಿದ್ದಾರೆ.

ಎರಡನೆಯದಾಗಿ ಜೈಜಾ ಕ್ರೂಜ್ ಬಕಾನಿ. ಸಲಕರಣೆ ಸಾಲದು, ಸಮಯ ಸಾಲದು ಎಂದು ಈ ಗುಂಪಿನಲ್ಲಿ ಬೇಸರಿಸುವವರೆಲ್ಲ ಇವರ ಕಥೆ ಓದಬೇಕು. ತಾಯಿ ಮನೆಗೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಹೋದವರು, ಮಗಳೂ ಹತ್ತೊಂಬತ್ತರ ವಯಸ್ಸಿಗೆ ಅದೇ ಮನೆಗೆ ಕೆಲಸಕ್ಕೆ ಸೇರಿದಳು. ಯಜಮಾನಿಯಿಂದ ಸಾಲ ಪಡೆದು ಕ್ಯಾಮೆರಾ ಕೊಂಡಳು. ಕೆಲಸದ ನಡುವೆ ಹೊರಗೆ ಕಳಿಸಿದಾಗ, ಭಾನುವಾರದ ರಜೆಯಲ್ಲಿ, ಬೀದಿಯ ಚಿತ್ರಗಳನ್ನು ತೆಗೆದಳು. ನಂತರ ದೌರ್ಜನ್ಯಕ್ಕೆ ಒಳಗಾಗಿ ಆಶ್ರಯಕೇಂದ್ರ ಸೇರಿದ್ದ ಮನೆಗೆಲಸದ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದಳು. 2015ರಲ್ಲಿ ಛಾಯಾಗ್ರಾಹಕರಿಗೆ ನೆರವಾಗುವ ಮ್ಯಾಗ್ನಂ ಫೌಂಡೇಷನ್ನಿನ ಫೆಲೋಶಿಪ್ ಸಿಕ್ಕಿ ನ್ಯೂಯಾರ್ಕಿಗೆ ಹೋದಳು. 2018ರಲ್ಲಿ ಬಂದ ‘ವಿ ಆರ್ ಲೈಕ್ ಏರ್’ ಪುಸ್ತಕದ ನಡುವೆ ಇರುವುದು ತನ್ನ ತಾಯಿ, ಊರಿನಲ್ಲಿ ತಾಯಿಯಿಲ್ಲದೆ ಬೆಳೆದ ಮಕ್ಕಳು, ಕಾಯುತ್ತ ಕುಳಿತ ತಂದೆ.

ಈ ಪುಸ್ತಕದಿಂದ ನೀವು ತೆಗೆದುಕೊಳ್ಳಬೇಕಾದ್ದು ಇಷ್ಟು: ಒಬ್ಬರನ್ನು ಆಳವಾಗಿ ಹಿಡಿದರೆ ಉಳಿದವರ ಚಿತ್ರಗಳಿಗೂ ತೂಕ ಬರುತ್ತದೆ. ನಿಮ್ಮ ಸರಣಿಯಲ್ಲಿ ಹದಿನೈದು ಅಜ್ಜಿಯರಿದ್ದರೆ, ಅವರಲ್ಲಿ ಒಬ್ಬರ ಮನೆಗೆ ಮತ್ತೆ ಮತ್ತೆ ಹೋಗಿ. ಅವರು ರೊಟ್ಟಿ ಬಡಿಯುವಾಗ ಆ ಹಚ್ಚೆಯ ಕೈ ಹಿಟ್ಟಿನಲ್ಲಿ ಬೆಳ್ಳಗಾಗುವುದು, ಮೊಮ್ಮಗುವಿಗೆ ಎಣ್ಣೆ ಹಚ್ಚುವಾಗ ಅದೇ ಕೈ ಹೊಳೆಯುವುದು, ಇವನ್ನೆಲ್ಲ ತೆಗೆದಿಡಿ. ಇವು ಮುಖ್ಯ ಸರಣಿಯ ಕ್ರಮ ಕೆಡಿಸುವುದಿಲ್ಲ, ಬೇರೆ ಭಾಗವಾಗಿ ನಿಲ್ಲುತ್ತವೆ.

ರಿಕ್ ರೊಕಮೋರಾ ಅವರ ಕೆಲಸದ ಬಗ್ಗೆ ಚುಟುಕಾಗಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಫಿಲಿಪಿನೋ ಸೈನಿಕರು ಹೋರಾಡಿದರು. 1946ರ ಕಾಯಿದೆಯೊಂದು ಅವರಲ್ಲಿ ಹೆಚ್ಚಿನವರಿಗೆ ಸಿಗಬೇಕಿದ್ದ ಸವಲತ್ತುಗಳನ್ನು ಕಿತ್ತುಕೊಂಡಿತು. 1990ರಲ್ಲಿ ಅಮೆರಿಕದ ಪೌರತ್ವದ ಬಾಗಿಲು ತೆರೆದಾಗ ಮುದುಕರಾಗಿದ್ದ ಆ ಯೋಧರು ಅಮೆರಿಕಕ್ಕೆ ಬಂದು ಸಣ್ಣ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕಿದರು. ರೊಕಮೋರಾ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಅವರನ್ನು ವರ್ಷಗಟ್ಟಲೆ ಚಿತ್ರಿಸಿದರು. 2009ರಲ್ಲಿ ಪೌರರಾದವರಿಗೆ 15,000 ಡಾಲರ್, ಉಳಿದವರಿಗೆ 9,000 ಡಾಲರ್ ಒಂದೇ ಕಂತಿನಲ್ಲಿ ಸಿಗುವ ಹೊತ್ತಿಗೆ ಎಷ್ಟೋ ಜನ ತೀರಿಹೋಗಿದ್ದರು. ಅವರ ಮುಖಗಳು ದಾಖಲೆಯಲ್ಲಿ ಉಳಿದದ್ದು ಒಬ್ಬ ಛಾಯಾಗ್ರಾಹಕ ತಡಮಾಡದೆ ಶುರು ಮಾಡಿದ್ದರಿಂದ. ನೀವೂ “ಒಳ್ಳೆಯ ಲೆನ್ಸ್ ಬಂದ ಮೇಲೆ” ಎಂದು ಮುಂದೂಡಬೇಡಿ, ನಿಮ್ಮ 50 ಎಂಎಂ ಈ ಕೆಲಸಕ್ಕೆ ಧಾರಾಳ ಸಾಕು.

ಹ್ಯಾನಾ ರೇಯೆಸ್ ಮೊರಾಲೆಸ್ ಅವರು ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಬೇರೆ ಬೇರೆ ದೇಶಗಳ ಜೋಗುಳಗಳ ಮೇಲೆ ಮಾಡಿದ ‘ಲಿವಿಂಗ್ ಲಲಬೀಸ್’ ಕೂಡ ನೋಡಿ. ಚಿತ್ರದ ಜೊತೆಗೆ ದನಿ ಸೇರಿದರೆ ಎಷ್ಟು ಹತ್ತಿರವಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ನಿಮ್ಮ ಅಜ್ಜಿಯರಿಗೆ ಬೀಸುವ ಪದಗಳು ಬಾಯಿಗೆ ಬರುತ್ತಿದ್ದರೆ, ಕ್ಯಾಮೆರಾ ಪಕ್ಕಕ್ಕಿಟ್ಟು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಫ್ಯಾನ್, ಟಿವಿ ಆರಿಸಲು ಮರೆಯಬೇಡಿ.

ಕೊನೆಗೆ ಹಣದ ಪ್ರಶ್ನೆ. ಫಿಲಿಪೀನ್ಸಿನಲ್ಲಿ 1997ರ ಮೂಲನಿವಾಸಿಗಳ ಹಕ್ಕು ಕಾಯಿದೆ ಸಮುದಾಯದ ತಿಳಿವಳಿಕೆಯ ಪೂರ್ವಸಮ್ಮತಿಗೆ ಕಾನೂನಿನ ಬಲ ಕೊಟ್ಟಿದೆ. ನಿಮ್ಮ ಹವ್ಯಾಸಕ್ಕೆ ಅಂಥ ಕಾನೂನು ಅಡ್ಡ ಬರದಿರಬಹುದು, ಆದರೆ ಆ ಕ್ರಮ ಪಾಲಿಸಿ. ಮೊದಲ ಭೇಟಿಯಲ್ಲಿ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಚಿತ್ರ ಎಲ್ಲಿ ಕಾಣುತ್ತದೆ, ಯಾರು ನೋಡುತ್ತಾರೆ ಎಂದು ಮನೆಯವರ ಎದುರಿನಲ್ಲಿಯೇ ಹೇಳಿ, ಒಪ್ಪಿಗೆಯನ್ನು ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿ. ಒಂದೊಂದು ಚಿತ್ರಕ್ಕೆ ಇಷ್ಟು ಎಂದು ದುಡ್ಡು ಎಣಿಸಬೇಡಿ, ನಾಳೆ ಅದು ಓಣಿಯಲ್ಲಿ ಮನಸ್ತಾಪಕ್ಕೆ ಕಾರಣವಾಗುತ್ತದೆ. ಕೂಲಿ ಬಿಟ್ಟು ಕುಳಿತರೆ ಆ ದಿನದ ಕೂಲಿ ಕೊಡುವುದು ನ್ಯಾಯ. ಪ್ರತಿಯೊಬ್ಬರಿಗೂ ಒಂದು ಒಳ್ಳೆಯ ಪ್ರಿಂಟ್ ಚೌಕಟ್ಟು ಹಾಕಿಸಿ ನೀವೇ ಹೋಗಿ ಕೊಡಿ, ಅಂಚೆಗೆ ಹಾಕಬೇಡಿ. ಮುಂದೆ ಚಿತ್ರ ಮಾರಾಟವಾದರೆ ಪಾಲು ಎಷ್ಟು ಎಂಬುದನ್ನು ಈಗಲೇ ಹೇಳಿಬಿಡಿ. ಫೈಲುಗಳ ಎರಡು ಪ್ರತಿ ಎರಡು ಬೇರೆ ಮನೆಗಳಲ್ಲಿರಲಿ.

ಮೊದಲ ಮೂವರ ಚಿತ್ರ ಆದಾಗ, ಅವರ ಒಪ್ಪಿಗೆಯಿದ್ದರೆ, ಇಲ್ಲಿ ಹಾಕಿ. ಬೆಳಕು ಮತ್ತು ಚೌಕಟ್ಟಿನ ಕ್ರಮ ಆ ಹಂತದಲ್ಲಿಯೇ ಸರಿಪಡಿಸಿಕೊಂಡರೆ ಉಳಿದ ಹನ್ನೆರಡು ಮಂದಿಯನ್ನು ಮತ್ತೆ ಕೂರಿಸುವ ತೊಂದರೆ ಬರುವುದಿಲ್ಲ.