ಎಲ್ಲರಿಗೂ ತಿಂಗಳ ತಿಂಗಳ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗಲ್ವಾ?

ಆಗಲ್ಲ. ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ, ಹೀಗೆ ಎಲ್ಲರಿಗೂ ಷರತ್ತಿಲ್ಲದೆ ದುಡ್ಡು ಕೊಡುವುದಕ್ಕೆ ‘ಮೂಲ ಆದಾಯ’ ಅನ್ನುತ್ತಾರೆ, ನಮ್ಮ ದೇಶದಲ್ಲೇ ಇದನ್ನು ಮಾಡಿ ನೋಡಿದ್ದಾರೆ.

2011-12ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ‘ಸೇವಾ’ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಈ ಪ್ರಯೋಗ ನಡೆಸಿತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಆಮೇಲೆ ಅದನ್ನು 300 ಮತ್ತು 150ಕ್ಕೆ ಏರಿಸಿದರು. ಊರಲ್ಲಿರುವ ಎಲ್ಲರಿಗೂ ಕೊಟ್ಟರು, ಬಡವರು ಯಾರು ಅಂತ ಪಟ್ಟಿ ಮಾಡಲು ಹೋಗಲಿಲ್ಲ. ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಷರತ್ತೂ ಇರಲಿಲ್ಲ. ಮಕ್ಕಳ ಪಾಲು ತಾಯಿಗೆ ಹೋಗುತ್ತಿತ್ತು. ಹೋಲಿಸಿ ನೋಡಲು, ದುಡ್ಡು ಸಿಗದ ಹನ್ನೆರಡು ಹಳ್ಳಿಗಳ ಲೆಕ್ಕವನ್ನೂ ಇಟ್ಟರು.

ಕುಡಿತಕ್ಕೆ ಹಾಕುತ್ತಾರೆ ಅನ್ನುವ ಭಯ ನಿಜವಾಗಲಿಲ್ಲ. ಜನ ಬೀಜ, ಗೊಬ್ಬರ ತಂದರು, ಆಡು ಕೋಳಿ ಕೊಂಡರು. ಮಕ್ಕಳ ತೂಕ ಸುಧಾರಿಸಿತು, ಅದರಲ್ಲೂ ಹೆಣ್ಣುಮಕ್ಕಳದ್ದು. ಕೆಲಸ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಬರೀ ಕೂಲಿ ನಂಬಿಕೊಂಡಿದ್ದವರಲ್ಲಿ ಎಷ್ಟೋ ಜನ ಸ್ವಂತ ಹೊಲದ ಕಡೆ ತಿರುಗಿದರು.

ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಬಿತ್ತನೆ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದಿದ್ದರೆ ಸಣ್ಣ ರೈತ ಏನು ಮಾಡುತ್ತಾನೆ? ಬಡ್ಡಿಗೆ ಸಾಲ ತರುತ್ತಾನೆ. ಆ ಸಾಲ ತೀರಿಸಲು ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಾನೆ, ತನ್ನ ಹೊಲ ಪಾಳು ಬೀಳುತ್ತದೆ. ಸ್ವಲ್ಪವೇ ದುಡ್ಡಾದರೂ ಹೇಳಿದ ದಿನಕ್ಕೆ ಬಂದರೆ ಅವನು ಸಾಲ ಕೊಡುವವನ ಮನೆ ಬಾಗಿಲಿಗೆ ಹೋಗಬೇಕಿಲ್ಲ. ಹಾಗಾಗಿ ಮೊತ್ತದಷ್ಟೇ ತಾರೀಖೂ ಮುಖ್ಯ. ಮೂರು ತಿಂಗಳದ್ದು ಒಟ್ಟಿಗೆ ಹಾಕಿದರೆ ಲೆಕ್ಕ ಸರಿಹೋಗಬಹುದು, ಆದರೆ ಅಷ್ಟರಲ್ಲಿ ಆ ಮನೆಯವರು ಕೈಸಾಲ ಮಾಡಿಯೇ ಇರುತ್ತಾರೆ.

ಕೆಲವರು ನಮ್ಮ ಗೃಹಲಕ್ಷ್ಮಿಯನ್ನೇ ಮೂಲ ಆದಾಯ ಅಂದುಕೊಂಡಿದ್ದಾರೆ. ಅದು ಬೇರೆ. ಮನೆಯ ಯಜಮಾನಿಗೆ ಮಾತ್ರ 2,000 ರೂಪಾಯಿ, ಆದಾಯ ತೆರಿಗೆ ಕಟ್ಟುವ ಮನೆಗಳಿಗೆ ಇಲ್ಲ. ಒಳ್ಳೆಯ ಯೋಜನೆಯೇ, ಆದರೆ ಎಲ್ಲರಿಗೂ ಅಲ್ಲ.

ನನ್ನ ಚಿಂತೆ ಇರುವುದು ಸೋಮಾರಿತನದ ಬಗ್ಗೆ ಅಲ್ಲ, ಈ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದರ ಬಗ್ಗೆ. ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆ ತಲೆಗೆ ವರ್ಷಕ್ಕೆ 7,620 ರೂಪಾಯಿಯ ಲೆಕ್ಕ ಹಾಕಿತ್ತು. ಅಂದರೆ ತಿಂಗಳಿಗೆ 635. ಶೇಕಡಾ 75ರಷ್ಟು ಜನರಿಗೆ ಕೊಟ್ಟರೂ ಖರ್ಚು ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ, ಶೇಕಡಾ 4.9 ಆಗುತ್ತಿತ್ತು. ಈಗಿರುವ ಯೋಜನೆಗಳ ಬದಲಿಗೆ ಇದನ್ನು ತರಬಹುದು ಅನ್ನುವ ವಾದ ಅಲ್ಲಿತ್ತು. ನಾನು ಒಪ್ಪದಿರುವುದು ಇಲ್ಲಿಯೇ. ಮಧ್ಯಪ್ರದೇಶದಲ್ಲಿ ರೇಷನ್ ನಿಲ್ಲಿಸಿ ದುಡ್ಡು ಕೊಡಲಿಲ್ಲ, ಅದರ ಮೇಲೆ ಕೊಟ್ಟರು. ಕರ್ನಾಟಕದಲ್ಲಿ 2023ರಲ್ಲಿ ಅಕ್ಕಿ ಸಿಗದೆ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಬದಲಾಗಿ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಾಕಿದರು. ಅಂಗಡಿಯಲ್ಲಿ ಆ ದುಡ್ಡಿಗೆ ಐದು ಕಿಲೋ ಒಳ್ಳೆ ಅಕ್ಕಿ ಎಲ್ಲಿ ಸಿಗುತ್ತಿತ್ತು ಹೇಳಿ? 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ತಿಂಗಳ ದುಡ್ಡು ಬರಲಿ, ಖಂಡಿತ ಬರಲಿ. ಅದಕ್ಕಾಗಿ ರೇಷನ್ ಅಂಗಡಿ ಮುಚ್ಚುವುದಾದರೆ ನನ್ನ ಬೆಂಬಲ ಇಲ್ಲ.