ಸಿಂಗಪುರದ ತಮಿಳು, ಮಗಳ ಶಾಲೆ

ನಮಸ್ಕಾರ ಮೇಡಂ. ಸಿಂಗಪುರದಲ್ಲಿ ತಮಿಳಿಗೆ ನಿಜಕ್ಕೂ ಬೆಲೆ ಇದೆಯಾ, ಮಗಳಿಗೆ ಶಾಲೆಯಲ್ಲಿ ಯಾವ ಭಾಷೆ ಕೊಡಿಸಲಿ ಅಂತ ಕೇಳಿದ್ದೀರಿ.

ಬೆಲೆ ಇದೆ. ನಾಲ್ಕು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಅಲ್ಲಿನ ನಾಣ್ಯ ಕೈಗೆ ಬಂದಾಗ ತಿರುಗಿಸಿ ನೋಡಿ, ದೇಶದ ಹೆಸರು ತಮಿಳು ಅಕ್ಷರದಲ್ಲೂ ಇರುತ್ತದೆ. 1935ರಲ್ಲಿ ಶುರುವಾದ ‘ತಮಿಳ್ ಮುರಸು’ ಪತ್ರಿಕೆ ಇವತ್ತಿಗೂ ನಡೆಯುತ್ತಿದೆ.

ಆದರೆ ಮನೆಯೊಳಗಿನ ಕಥೆ ಬೇರೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ನಿವಾಸಿಗಳಲ್ಲಿ ಮನೆಯಲ್ಲಿ ಹೆಚ್ಚಾಗಿ ತಮಿಳನ್ನೇ ಆಡುವವರು ಶೇ. 2.5 ಮಾತ್ರ. ಅಜ್ಜಿ ‘ಸಾಪ್ಟಿಯಾ’ (ಊಟ ಆಯ್ತಾ) ಅಂತ ಕೇಳಿದರೆ ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ನನಗೆ ಇದು ತುಂಬಾ ಸಂಕಟದ ವಿಷಯ. ಪುಸ್ತಕದ ತಮಿಳಿಗೂ ಆಡುಮಾತಿಗೂ ದೂರ ಜಾಸ್ತಿ ಅಲ್ವಾ, ಅದಕ್ಕೇ ಈಗ ಪಾಠದಲ್ಲಿ ಆಡುಮಾತಿಗೂ ಜಾಗ ಕೊಟ್ಟಿದ್ದಾರೆ.

ಇನ್ನು ಮಗಳ ವಿಷಯ. ಶಾಲೆಯ ಮಾತೃಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ತಮಿಳು, ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದು ಇವೆ. ನಾನಾಗಿದ್ದರೆ ತಮಿಳನ್ನೇ ಕೊಡಿಸುತ್ತಿದ್ದೆ. ನಮ್ಮ ಹಾಲು ಅಲ್ಲಿ ಪಾಲ್, ಹೂವು ಪೂ. ಕಿವಿಗೆ ಬೇಗ ಹಿಡಿಯುತ್ತದೆ. ಅಕ್ಷರ ಹೊಸದು, ಅಷ್ಟೇ. ಕನ್ನಡ ಕಲಿಸುವ ಬಗ್ಗೆ ಅಲ್ಲಿನ ಕನ್ನಡ ಸಂಘದಲ್ಲಿ ಒಮ್ಮೆ ವಿಚಾರಿಸಿ. ಮನೆಯಲ್ಲಂತೂ ಕನ್ನಡ ಬಿಡಬೇಡಿ.