ಓದುಗರ ಪ್ರಶ್ನೆ, ತಜ್ಞರ ಉತ್ತರ: ಡ್ರಮ್ಮು ಎಣ್ಣಿ ಡಬ್ಬಿ ಬಡದಂಗ ಯಾಕ ಕೇಳತದ?

ಈ ಸಲ ಬಂದ ಪ್ರಶ್ನೆಗಳೆಲ್ಲ ರಾಕ್ ರೆಕಾರ್ಡಿಂಗಿನವು. ಹೆಚ್ಚಿನವರು ಕೇಳಿರುವುದು ಯಾವ ಪ್ಲಗಿನ್ (ಕಂಪ್ಯೂಟರಿನಲ್ಲಿ ಸದ್ದು ತಿದ್ದುವ ಸಾಫ್ಟ್‌ವೇರ್) ಹಾಕಬೇಕು ಎಂದು. ನಮ್ಮ ಉತ್ತರ ಮಾತ್ರ ಬಹುತೇಕ ಕೋಣೆ, ಮೈಕಿನ ಜಾಗ, ಬಾರಿಸುವ ಕೈ, ಇವುಗಳ ಸುತ್ತಲೇ ಇದೆ.

ನವನಗರದ ನಮ್ಮ ಮನೀ ಮ್ಯಾಲಿನ ಖೋಲಿಯೊಳಗ ಡ್ರಮ್ ರೆಕಾರ್ಡ್ ಮಾಡೇವಿ. ಖೋಲಿ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ನಾಕು ಮೈಕ್ ಅದಾವ. ಬಾರಸೂ ಮುಂದ ಎದಿ ನಡಗತದ, ಆಮ್ಯಾಲೆ ಕೇಳಿದ್ರ ಎಣ್ಣಿ ಡಬ್ಬಿ ಬಡದಂಗ ಅನಸ್ತದ. ಲೆಡ್ ಜೆಪ್ಲಿನ್ ನಾಕನೇ ಆಲ್ಬಮಿನ ಕಡೀ ಹಾಡಿನಂಥಾ ಗುಡುಗು ಬರಬೇಕಂದ್ರ ಏನ್ ಮಾಡ್ಬೇಕ್ರಿ?
— ಒಬ್ಬ ಡ್ರಮ್ಮರ್, ಬಾಗಲಕೋಟೆ

ಆ ಗುಡುಗಿನಲ್ಲಿ ಅರ್ಧ ಪಾಲು ಮೆಟ್ಟಿಲಿನದು. 1971ರಲ್ಲಿ ಬಂದ ಆ ಆಲ್ಬಮಿಗಾಗಿ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ದೊಡ್ಡ ಮನೆಯಲ್ಲಿ ಜಾನ್ ಬಾನಮ್ ಅವರ ಡ್ರಮ್ ಸೆಟ್ಟನ್ನು ಮೆಟ್ಟಿಲ ಬುಡದಲ್ಲಿಟ್ಟಿದ್ದರು. ಎಂಜಿನಿಯರ್ ಆಂಡಿ ಜಾನ್ಸ್ ಮೇಲಂತಸ್ತಿನಲ್ಲಿ ಬೇಯರ್‌ಡೈನಮಿಕ್ ಕಂಪನಿಯ ಎರಡೇ ಎರಡು ಎಂ160 ಮೈಕ್ ಹಾಕಿ, ಬಂದ ಸದ್ದನ್ನು ಕಂಪ್ರೆಸರಿನಲ್ಲಿ (ಜೋರು ಸದ್ದಿಗೂ ಮೆಲುಸದ್ದಿಗೂ ಇರುವ ಅಂತರ ತಗ್ಗಿಸುವ ಸಲಕರಣೆ) ಚೆನ್ನಾಗಿ ಹಿಂಡಿದರು. ಜೊತೆಗೆ ಬಿನ್ಸನ್ ಎಂಬ ಎಕೋ ಯಂತ್ರ. ಸ್ನೇರಿಗೊಂದು (ಕೋಲಿನಿಂದ ಬಾರಿಸುವ ಚುರುಕು ಸದ್ದಿನ ಡ್ರಮ್), ಕಿಕ್ಕಿಗೊಂದು (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎಂದು ಹತ್ತಿರ ಮೈಕ್ ಇಡಲೇ ಇಲ್ಲ.

ಈಗ ನಿಮ್ಮ ಕೋಣೆ. ಓವರ್‌ಹೆಡ್ ಮೈಕು ಸ್ನೇರಿನಿಂದ 4 ಅಡಿ ಮೇಲಿದೆ ಎನ್ನೋಣ. ಸ್ನೇರಿನ ಪೆಟ್ಟು ನೇರವಾಗಿ 4 ಅಡಿ ಬಂದು ಮೈಕು ಮುಟ್ಟುತ್ತದೆ. ಅದೇ ಪೆಟ್ಟು ಛತ್ತಿಗೆ ಬಡಿದು ವಾಪಸ್ಸು ಬರುವಾಗ ಸುಮಾರು 12 ಅಡಿ ನಡೆಯುತ್ತದೆ. 8 ಅಡಿ ಹೆಚ್ಚಿಗೆ ನಡೆಯಲು ಸದ್ದಿಗೆ ಬೇಕಾಗುವುದು 7 ಮಿಲಿಸೆಕೆಂಡ್. ಇಷ್ಟು ಬೇಗ ಬಂದ ಮರುಸದ್ದನ್ನು ಕಿವಿ ಬೇರೆ ಎಂದು ಗುರುತಿಸುವುದಿಲ್ಲ, ಮೂಲ ಸದ್ದಿನ ಬಣ್ಣವೇ ಕೆಟ್ಟಿದೆ ಎಂದುಕೊಳ್ಳುತ್ತದೆ. ಕೆಲವು ಸ್ವರ ಉಬ್ಬುತ್ತವೆ, ಕೆಲವು ಒಂದಕ್ಕೊಂದು ಹೊಡೆದುಕೊಂಡು ಮಾಯವಾಗುತ್ತವೆ. ಡಬ್ಬಿಯ ಸದ್ದು ಎಂದರೆ ಇದೇ. ಇನ್ನೊಂದು ತೊಂದರೆ ನಿಮ್ಮ ಅಗಲ, ಎತ್ತರ ಎರಡೂ 10 ಅಡಿ ಇರುವುದು. 10 ಅಡಿ ದೂರವಿರುವ ಎರಡು ಗೋಡೆಗಳ ನಡುವೆ 56 ಹರ್ಟ್ಸ್ ಆಸುಪಾಸಿನ ಸದ್ದು ನಿಂತುಬಿಡುತ್ತದೆ. ನಿಮ್ಮಲ್ಲಿ ಅದು ಎರಡು ದಿಕ್ಕಿನಿಂದ ನಿಲ್ಲುತ್ತದೆ. ಬಾರಿಸುವಾಗ ಎದೆ ನಡುಗಿಸುವುದು ಕಿಕ್ಕಿನ ಜೊತೆ ಸೇರಿಕೊಂಡ ಈ ಗುಮ್ಮೇ. ಕೋಣೆಯ ನಟ್ಟನಡುವೆ ಮೈಕಿಟ್ಟರೆ ಅದು ಅಡಗುತ್ತದೆ, ಗೋಡೆಗೆ ಒತ್ತಿಟ್ಟರೆ ಉಕ್ಕುತ್ತದೆ. ನಿಮ್ಮ ರೆಕಾರ್ಡಿಂಗಿನಲ್ಲಿ ಬಹುಶಃ ಮೈಕು ನಡುವೆಯೇ ನಿಂತಿದೆ.

ಗೋಡೆ ತುಂಬ ಕೌದಿ ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಕೌದಿ ಹೀರುವುದು ಸಿಂಬಲ್ಲಿನಂಥ (ಲೋಹದ ತಟ್ಟೆ) ಮೇಲಿನ ಸದ್ದನ್ನು ಮಾತ್ರ. ಕೆಳಗಿನ ಗುಮ್ಮು ಹಾಗೇ ಉಳಿದು, ಕಂಬಳಿ ಹೊದ್ದು ಬಾರಿಸಿದಂತೆ ಕೇಳುತ್ತದೆ. ಮೊಟ್ಟೆ ಟ್ರೇಯಂತೂ ಕೌದಿಯಷ್ಟೂ ಕೆಲಸ ಮಾಡುವುದಿಲ್ಲ. ಬೇಕಾದದ್ದು ದಪ್ಪ. ಹತ್ತಿಯ ಎರಡು ಗಾದಿಯನ್ನು ಡ್ರಮ್ಮಿನ ಮೇಲೆ, ಛತ್ತಿನಿಂದ 4 ಇಂಚು ಬಿಟ್ಟು, ಹಗ್ಗ ಹಾಕಿ ಅಡ್ಡ ತೂಗುಹಾಕಿ. ಆ ಖಾಲಿ ಜಾಗವೂ ಕೆಲಸ ಮಾಡುತ್ತದೆ, ಗಾದಿಯನ್ನು ಛತ್ತಿಗೆ ಅಂಟಿಸಬೇಡಿ. ಇನ್ನೆರಡು ಗಾದಿ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿ. ಕೆಳಗೆ ಜಮಖಾನ ಹಾಸಿ; ಕಿಕ್ ಡ್ರಮ್ ಫರಸಿಯ ಮೇಲೆ ಮುಂದಕ್ಕೆ ಜಾರುವುದೂ ನಿಲ್ಲುತ್ತದೆ.

ನಾಲ್ಕು ಮೈಕಿಗೆ ಹೊಂದುವ ಒಳ್ಳೆಯ ಪದ್ಧತಿ ಗ್ಲಿನ್ ಜಾನ್ಸ್ ಅವರದು (ಇವರು ಆಂಡಿಯ ಅಣ್ಣ). ಕಿಕ್ಕಿಗೊಂದು, ಸ್ನೇರಿಗೊಂದು. ಮೂರನೆಯದು ಸ್ನೇರಿನ ನೇರಕ್ಕೆ ಒಂದು ಮೀಟರ್ ಮೇಲೆ. ನಾಲ್ಕನೆಯದು ಫ್ಲೋರ್ ಟಾಮಿನ (ನೆಲಕ್ಕೆ ನಿಲ್ಲಿಸಿದ ದೊಡ್ಡ ಟಾಮ್) ಆಚೆ, ಅದರ ಅಂಚಿಗಿಂತ ಒಂದು ಗೇಣು ಎತ್ತರದಲ್ಲಿ, ಮುಖ ಹೈಹ್ಯಾಟಿನ (ಒಂದರ ಮೇಲೊಂದು ಇರುವ ಜೋಡಿ ಸಿಂಬಲ್ಲು) ಕಡೆ. ಒಂದು ದಾರದ ತುದಿಯನ್ನು ಸ್ನೇರಿನ ನಡುವೆ ಹಿಡಿದು, ಮೂರನೆಯ ಮೈಕಿನವರೆಗೆ ಅಳೆದು, ಅಷ್ಟೇ ದಾರ ನಾಲ್ಕನೆಯದಕ್ಕೂ ಬರುವಂತೆ ಇಡಿ. ಎರಡಕ್ಕೂ ಸ್ನೇರು ಒಂದೇ ಹೊತ್ತಿಗೆ ತಲುಪಬೇಕು, ಇಲ್ಲವಾದರೆ ಸದ್ದು ಪಕ್ಕಕ್ಕೆ ವಾಲುತ್ತದೆ, ತೆಳುವಾಗುತ್ತದೆ. ಆಮೇಲೆ ಎಲ್ಲವನ್ನೂ ಮೋನೋದಲ್ಲಿ (ಎಡ ಬಲ ಒಂದಾಗಿಸಿ) ಕೇಳುತ್ತ ಒಂದೊಂದೇ ಟ್ರ್ಯಾಕಿನ ಪೊಲ್ಯಾರಿಟಿ (ಸದ್ದಿನ ಅಲೆಯ ಮೇಲು ಕೆಳಗು) ತಿರುಗಿಸಿ. ಯಾವುದರಲ್ಲಿ ತೂಕ ಹೆಚ್ಚೋ ಅದೇ ಸರಿ.

ಗುಡುಗಿಗೆ ಮಾತ್ರ ಎತ್ತರದ ಜಾಗವೇ ಬೇಕು. ಆಷಾಢದಲ್ಲಿ ಕಲ್ಯಾಣಮಂಟಪಗಳು ಖಾಲಿ ಇರುತ್ತವೆ, ಮಾತಾಡಿ ನೋಡಿ. ಅದಾಗದಿದ್ದರೆ ನಿಮ್ಮ ಮಾಳಿಗೆಯ ಮೆಟ್ಟಿಲೇ ಸಾಕು: ಈಗಾಗಲೇ ರೆಕಾರ್ಡ್ ಆದ ಸ್ನೇರು, ಕಿಕ್ ಟ್ರ್ಯಾಕುಗಳನ್ನು ಮೆಟ್ಟಿಲ ಬುಡದಲ್ಲಿ ಒಂದು ಸ್ಪೀಕರ್ ಇಟ್ಟು ಜೋರಾಗಿ ನುಡಿಸಿ, ಮೇಲಿನ ಬಾಗಿಲ ಹತ್ತಿರ ಮೈಕಿಟ್ಟು ಮತ್ತೆ ರೆಕಾರ್ಡ್ ಮಾಡಿಕೊಳ್ಳಿ. 6 ಮೀಟರ್ ದೂರಕ್ಕೆ ಸದ್ದು 17 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಹಿಂದೆ ಎಳೆದು ಸರಿಮಾಡಬೇಡಿ, ಕೋಣೆ ದೊಡ್ಡದೆಂದು ಕಿವಿಗೆ ತಿಳಿಯುವುದೇ ಆ ತಡದಿಂದ. ಈ ಟ್ರ್ಯಾಕಿಗೆ ಕಂಪ್ರೆಸರ್ ಹಾಕಿ, ಅಟ್ಯಾಕ್ (ಹಿಂಡಲು ಶುರು ಮಾಡುವ ವೇಗ) ವೇಗವಾಗಿ, ರಿಲೀಸ್ (ಹಿಂಡುವುದನ್ನು ಬಿಡಲು ಹಿಡಿಯುವ ಹೊತ್ತು) 100ರಿಂದ 150 ಮಿಲಿಸೆಕೆಂಡ್, ಸೂಜಿ 10 ಡಿಬಿ ಇಳಿಯುವಷ್ಟು.

ಇಡೀ ಸೆಟ್ಟನ್ನೇ ಮಂಟಪದಲ್ಲಿ ಬಾರಿಸಿ ದೂರದ ಮೈಕನ್ನು ಹೀಗೆ ಹಿಂಡಿದಾಗ ಸಿಂಬಲ್ಲು ಮೇಲೆದ್ದು ಎಲ್ಲವನ್ನೂ ನುಂಗುತ್ತದೆ. ಅದಕ್ಕೆ ಮದ್ದು ಮಿಕ್ಸಿಂಗಿನಲ್ಲಿಲ್ಲ. ಸಿಂಬಲ್ಲು ಹಗುರ, ಸ್ನೇರು ಕಿಕ್ಕು ಗಟ್ಟಿ ಬಾರಿಸಬೇಕು. ಇನ್ನೊಂದು: ಆ ಲೆಡ್ ಜೆಪ್ಲಿನ್ ಹಾಡಿನ ಲಯ ನಿಧಾನ. ನಿಮಿಷಕ್ಕೆ 160 ಪೆಟ್ಟಿನ ಹಾಡಿಗೆ ಇದೇ ಉಪಾಯ ಮಾಡಿದರೆ ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿನ ತಲೆ ತುಳಿಯುತ್ತದೆ, ಉಳಿಯುವುದು ಗದ್ದಲ. ಹಾಂ, ಚರ್ಮ ಸಡಿಲಿದ್ದರೆ ಮೇಲಿನದೆಲ್ಲ ವ್ಯರ್ಥ. ಹಲಗೆಯವರು ಬೆಂಕಿಗೆ ಹಿಡಿದು ಕಾಸದೆ ಬಾರಿಸುವುದಿಲ್ಲ. ನೀವು ಕೀಲಿ ಹಾಕಿ ಸುತ್ತಲೂ ಒಂದೇ ಸ್ವರ ಬರುವವರೆಗೆ ತಿರುಗಿಸದೆ ರೆಕಾರ್ಡ್ ಬಟನ್ ಒತ್ತಬೇಡಿ.

ಗೋಳಗುಮ್ಮಟದ ಎಕೋವನ್ನೇ ರೆಕಾರ್ಡ್ ಮಾಡಿ ನಮ್ಮ ಹಾಡಿನ ಸ್ನೇರಿಗೆ ಹಾಕಬಹುದೇ?
— ವಿಜಯಪುರ

ಮಾಡಬಹುದು ಎಂದು ಹೇಳುವ ಮೊದಲು ಎರಡು ಅಡ್ಡಿ. ಅದು ಪುರಾತತ್ವ ಇಲಾಖೆಯ ಸ್ಮಾರಕ. ಅನುಮತಿ ಇಲ್ಲದೆ ಸ್ಟ್ಯಾಂಡು, ಸಲಕರಣೆ ಒಯ್ಯುವ ಹಾಗಿಲ್ಲ, ಒಳಗೆ ಬಲೂನು ಒಡೆಯುವ ಸಾಹಸವಂತೂ ಬೇಡ. ಎರಡನೆಯದು ಅಳತೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಚಪ್ಪಾಳೆ ಎದುರು ಗೋಡೆ ಮುಟ್ಟಿ ಮರಳುವಾಗ 76 ಮೀಟರ್ ನಡೆದಿರುತ್ತದೆ, ಅಂದರೆ ಸೆಕೆಂಡಿನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಇಷ್ಟು ಹೊತ್ತಿಗೆ ಕಿವಿ ಅದನ್ನು ಬೇರೆ ಪೆಟ್ಟೆಂದೇ ಎಣಿಸುತ್ತದೆ, ಮತ್ತೆ ಅದು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿಗೂ ಪೆಟ್ಟಿಗೂ ನಡುವೆ ಇರುವುದು ಅರ್ಧ ಸೆಕೆಂಡು. ಸ್ನೇರು ತನ್ನ ಮೇಲೆ ತಾನೇ ಬೀಳುತ್ತದೆ.

ನಿಮಗೆ ಬೇಕಾದದ್ದು ಬಹುಶಃ ದೊಡ್ಡ ಜಾಗದ ಸದ್ದು, ಆದರೆ ಉದ್ದ ಬಾಲವಿಲ್ಲದೆ. 1980ರ ದಶಕದ ಹಾಡುಗಳಲ್ಲಿ ಸ್ನೇರು ದೊಡ್ಡದಾಗಿ ಸ್ಫೋಟಿಸಿ ಕತ್ತರಿಸಿದಂತೆ ನಿಲ್ಲುತ್ತದಲ್ಲ, ಅದು. ಪೀಟರ್ ಗೇಬ್ರಿಯಲ್ ಅವರ 1980ರ ಆಲ್ಬಮಿಗೆ ಫಿಲ್ ಕಾಲಿನ್ಸ್ ಡ್ರಮ್ ಬಾರಿಸುವಾಗ ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಇದನ್ನು ಹಿಡಿದರು. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಕಲಾವಿದರ ಮಾತು ಕೇಳಿಸಿಕೊಳ್ಳಲೆಂದು ತೂಗುಹಾಕಿದ್ದ ಮೈಕಿಗೆ ವಿಪರೀತ ಕಂಪ್ರೆಸರ್ ಇತ್ತು. ಅದರಲ್ಲಿ ಡ್ರಮ್ ಕೇಳಿ, ಹಿಂದೆ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದೊಡನೆ ಮುಚ್ಚಿಬಿಡುವ ಸಲಕರಣೆ) ಹಾಕಿದರು. ಮುಂದಿನ ವರ್ಷ ಕಾಲಿನ್ಸ್ ಅವರ ಸ್ವಂತ ಹಾಡಿನಿಂದ ಅದು ಜಗತ್ತಿಗೆಲ್ಲ ಅಂಟಿಕೊಂಡಿತು. ನಿಮ್ಮಲ್ಲಿ ಹೀಗೆ ಮಾಡಿ: ಸ್ನೇರನ್ನು 2 ಸೆಕೆಂಡಿನ ರಿವರ್ಬಿಗೆ (ದೊಡ್ಡ ಜಾಗದ ಮರುಸದ್ದು ಕೂಡಿಸುವ ಸಲಕರಣೆ) ಕಳಿಸಿ. ರಿವರ್ಬಿನ ಹಿಂದೆ ಕಂಪ್ರೆಸರ್, ಅದರ ಹಿಂದೆ ಗೇಟ್. ಗೇಟಿನ ಸೈಡ್‌ಚೈನಿಗೆ (ಯಾವ ಸದ್ದು ನೋಡಿ ಗೇಟು ತೆರೆಯಬೇಕೆಂದು ಹೇಳುವ ದಾರಿ) ಹಸಿ ಸ್ನೇರನ್ನು ಕೊಡಿ. ಹೋಲ್ಡ್, ಅಂದರೆ ಗೇಟು ತೆರೆದಿರುವ ಹೊತ್ತು, 250 ಮಿಲಿಸೆಕೆಂಡ್ (120ರ ಲಯದಲ್ಲಿ ಅರ್ಧ ಪೆಟ್ಟು), ರಿಲೀಸ್ 30. ಸೈಡ್‌ಚೈನ್ ಮರೆತರೆ ಗೇಟು ರಿವರ್ಬನ್ನೇ ನೋಡಿ ತಡವರಿಸುತ್ತದೆ, ಒಮ್ಮೆ ಉದ್ದ ಒಮ್ಮೆ ಗಿಡ್ಡ.

ನಾವು ಮೆಟಲ್ ಬ್ಯಾಂಡಿನವರು. ಗಿಟಾರ್ ನಾಲ್ಕು ಟ್ರ್ಯಾಕ್ ಹಾಕಿದ್ದೇವೆ, ಗೇನ್ ಪೂರ್ತಿ ಏರಿಸಿದ್ದೇವೆ. ಆದರೂ ಜೇನುಹುಳ ಗುಂಯ್ ಅಂದಹಾಗೆ ಕೇಳುತ್ತದೆ, ಭಾರ ಬರುತ್ತಿಲ್ಲ.
— ಬೆಳಗಾವಿ

ಗೇನ್ ಪೂರ್ತಿ ಏರಿಸಿರುವುದಕ್ಕೇ ಭಾರ ಬರುತ್ತಿಲ್ಲ. ಗೇನ್ ಏರಿದಷ್ಟೂ ಬರುವ ಡಿಸ್ಟಾರ್ಷನ್ (ಸದ್ದು ಒಡೆದು ಒರಟಾಗುವುದು) ಹೆಚ್ಚಾದಷ್ಟೂ ತಂತಿಗೆ ಪಿಕ್ ತಾಗುವ ಪೆಟ್ಟು ಚಪ್ಪಟೆಯಾಗುತ್ತದೆ. ನಾಲ್ಕು ಚಪ್ಪಟೆ ಟ್ರ್ಯಾಕ್ ಸೇರಿದರೆ ಜೇನುಗೂಡೇ. ಒಬ್ಬರೇ ನುಡಿಸುವಾಗ ಹಿತವೆನಿಸುವ ಗೇನಿಗಿಂತ ಮೂರನೇ ಒಂದು ಭಾಗ ಇಳಿಸಿ ರೆಕಾರ್ಡ್ ಮಾಡಿ. ಎಡಕ್ಕೊಂದು, ಬಲಕ್ಕೊಂದು, ಎರಡೇ ಸಾಕು. ಎರಡನ್ನೂ ಬೇರೆಬೇರೆಯಾಗಿ ನುಡಿಸಬೇಕು. ಒಂದನ್ನೇ ಕಾಪಿ ಹೊಡೆದು ಎರಡೂ ಬದಿಗೆ ಹಾಕಿದರೆ ಅದು ಅಗಲವಾಗುವುದಿಲ್ಲ, ನಡುವೆ ನಿಂತು ಜೋರಾಗುತ್ತದೆ, ಅಷ್ಟೇ.

ಮೈಕನ್ನು ಸ್ಪೀಕರ್ ಕೋನಿನ ನಟ್ಟನಡುವಿನಿಂದ ಅಂಚಿನ ಕಡೆಗೆ ಎರಡು ಬೆರಳು ಸರಿಸಿ ನೋಡಿ, ಇಕ್ಯೂದಲ್ಲಿ (ಮೇಲು, ಕೆಳಗಿನ ಸ್ವರ ಏರಿಸಿ ಇಳಿಸುವ ಸಲಕರಣೆ) ಒಂದು ತಾಸು ತಿಣುಕಿದರೂ ಸಿಗದ ಬದಲಾವಣೆ ಅಲ್ಲೇ ಸಿಗುತ್ತದೆ. ಎರಡು ಮೈಕ್ ಇಡುವುದಾದರೆ ಎರಡರ ಮೂತಿಯೂ ಜಾಲರಿಯಿಂದ ಒಂದೇ ದೂರದಲ್ಲಿರಲಿ. ಒಂದು 7 ಸೆಂಟಿಮೀಟರ್ ಹಿಂದಿದ್ದರೂ 2,400 ಹರ್ಟ್ಸ್ ಸುತ್ತಮುತ್ತ ಗುಂಡಿ ಬೀಳುತ್ತದೆ. ಗಿಟಾರಿನ ಮಾತು ಇರುವುದೇ ಅಲ್ಲಿ.

ಇನ್ನು ಭಾರ. ಅದು ಬೇಸ್ ಗಿಟಾರಿನ ಕೆಲಸ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಬೇಸಿನದು 41. ಗಿಟಾರನ್ನು 80-100 ಹರ್ಟ್ಸ್ ಕೆಳಗೆ ಕತ್ತರಿಸಿ ಬೇಸಿಗೆ ಜಾಗ ಬಿಡಿ. ಬೇಸಿಗೂ ಸ್ವಲ್ಪ ಡಿಸ್ಟಾರ್ಷನ್ ಕೊಟ್ಟರೆ ಮೊಬೈಲ್ ಸ್ಪೀಕರಿನಲ್ಲೂ ಅದರ ಜಾಡು ಸಿಗುತ್ತದೆ. ಬೇಸ್ ತೆಗೆದರೆ ಏನಾಗುತ್ತದೆಂದು ತಿಳಿಯಲು ಮೆಟಾಲಿಕಾದ 1988ರ ಆಲ್ಬಮ್ ಕೇಳಿ. ರಿಫ್ ಅದ್ಭುತ, ಸದ್ದು ಒಣ ಸೌದೆ, ಬೇಸ್ ಹುಡುಕಿದರೂ ಸಿಗುವುದಿಲ್ಲ. ಬಾಬ್ ರಾಕ್ ಜೊತೆ ಮಾಡಿದ 1991ರ ಆಲ್ಬಮಿನಲ್ಲಿ ಬೇಸ್ ತನ್ನ ಜಾಗಕ್ಕೆ ಬಂತು, ಗಿಟಾರುಗಳೂ ದಪ್ಪವಾದವು ಎನಿಸುತ್ತದೆ. ನಿಮ್ಮ ಹಾಡಿನಲ್ಲೂ ಬೇಸ್ ಮ್ಯೂಟ್ ಮಾಡಿ ಕೇಳಿ. ಹೆಚ್ಚೇನೂ ಬದಲಾಗದಿದ್ದರೆ ತೊಂದರೆ ಗಿಟಾರಿನಲ್ಲಿಲ್ಲ.

ನಿರ್ವಾಣಾದ 1991ರ ಆಲ್ಬಮಿಗೂ 1993ರದಕ್ಕೂ ಬ್ಯಾಂಡ್ ಒಂದೇ, ಸದ್ದು ಯಾಕಿಷ್ಟು ಬೇರೆ?
— ಗೋಕಾಕ

ರೆಕಾರ್ಡಿಂಗ್ ಮೇಜಿನ ಮುಂದೆ ಕೂತವರು ಬೇರೆ. ಮೊದಲನೆಯದನ್ನು ಬುಚ್ ವಿಗ್ ರೆಕಾರ್ಡ್ ಮಾಡಿದರು, ದನಿ, ಗಿಟಾರುಗಳನ್ನು ಎರಡೆರಡು ಸಲ ಹಾಡಿಸಿ, ನುಡಿಸಿ ಪದರ ಕೂಡಿಸಿದರು. ಆಮೇಲೆ ಆಂಡಿ ವಾಲೇಸ್ ರೇಡಿಯೋಗೆ ಒಪ್ಪುವಂತೆ ನುಣುಪಾಗಿ ಮಿಕ್ಸ್ ಮಾಡಿದರು. ಎರಡನೆಯದಕ್ಕೆ ಸ್ಟೀವ್ ಆಲ್ಬಿನಿ ಮಿನಿಸೋಟಾದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ಸುಮಾರು ಎರಡು ವಾರದಲ್ಲಿ ಕೆಲಸ ಮುಗಿಸಿದರು. ಡ್ರಮ್ಮಿನ ಸುತ್ತ ದೂರದ ಮೈಕುಗಳು, ಪದರ ಕಡಿಮೆ, ದನಿ ಬ್ಯಾಂಡಿನ ಒಳಗೆ ಹುದುಗಿದೆ. ಯಾವುದು ಚಂದ ಎಂಬುದು ನಿಮಗೆ ಬಿಟ್ಟದ್ದು. ಹಣ, ವೇಳೆ ಎರಡೂ ಕಡಿಮೆಯಿರುವ ಊರಿನ ಬ್ಯಾಂಡಿಗೆ ಎರಡನೆಯ ದಾರಿ ಹತ್ತಿರದ್ದು, ಆದರೆ ಒಂದು ಷರತ್ತು: ಮೂರೂ ಜನ ಒಟ್ಟಿಗೆ ಕೂತು ಹಾಡು ತಪ್ಪದೆ ನುಡಿಸಲು ಬರಬೇಕು.

ಮಾಸ್ಟರಿಂಗ್‌ನಲ್ಲಿ (ಹಾಡನ್ನು ಕೊನೆಯದಾಗಿ ಹದ ಮಾಡುವಾಗ) ಎಷ್ಟು ಜೋರು ಮಾಡಿದರೂ ಅಪ್‌ಲೋಡ್ ಆದ ಮೇಲೆ ಬೇರೆಯವರ ಹಾಡಿಗಿಂತ ಮಂಕು.
— ಜಮಖಂಡಿ

ಸ್ಪಾಟಿಫೈ, ಯೂಟ್ಯೂಬ್ ಎರಡೂ ಹಾಡನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ಇಳಿಸುತ್ತವೆ. ನೀವು ಮೈನಸ್ 7ಕ್ಕೆ ಹಿಂಡಿ ಕೊಟ್ಟರೆ ಅವರು 7 ಡಿಬಿ ಇಳಿಸುತ್ತಾರೆ. ಜೋರು ಹೋಯಿತು, ಲಿಮಿಟರ್ (ಸದ್ದು ಒಂದು ಮಟ್ಟ ದಾಟದಂತೆ ಕತ್ತರಿಸುವ ಸಲಕರಣೆ) ಅರೆದುಹಾಕಿದ ಸ್ನೇರು ಹಾಗೇ ಉಳಿಯಿತು. ಮೆಟಾಲಿಕಾದ 2008ರ ಆಲ್ಬಮಿಗೆ ಇದೇ ದೂರು ಬಂದಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ಆಟದಲ್ಲಿ ಅಷ್ಟು ಹಿಂಡದೆ ಬಂದಿದ್ದವು, ಅಭಿಮಾನಿಗಳು ಅದನ್ನೇ ಹುಡುಕಿಕೊಂಡು ಕೇಳಿದರು. ಲಿಮಿಟರ್ ಅತಿ ಜೋರಿನ ಕಡೆಯೂ 2-3 ಡಿಬಿ ಮೀರಿ ಇಳಿಸದಿರಲಿ, ಟ್ರೂ ಪೀಕ್ (ಅಲೆಯ ನಿಜವಾದ ತುದಿ) ಮೈನಸ್ 1ರಲ್ಲಿ ನಿಲ್ಲಲಿ. ಹೋಲಿಸುವಾಗ ನಿಮ್ಮ ಹಾಡು, ಬೇರೆಯವರ ಹಾಡು ಎರಡನ್ನೂ ಮೈನಸ್ 14ಕ್ಕೆ ತಂದು ಕೇಳಿ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆದಾಗ ಗಿಟಾರಿನಲ್ಲಿ ಝುಂಯ್ ಬರುತ್ತದೆ.
— ಇಂಡಿ

ಅಗ್ಗದ ಇನ್ವರ್ಟರ್ ಕೊಡುವುದು ಚೌಕ ಅಲೆ. 50 ಹರ್ಟ್ಸಿನ ಜೊತೆ 150, 250 ಎಂದು ಮೇಲಿನವೂ ಬರುತ್ತವೆ, ಡಿಸ್ಟಾರ್ಷನ್ ಅದನ್ನೆಲ್ಲ ಎತ್ತಿ ತೋರಿಸುತ್ತದೆ. ಸೈನ್ ವೇವ್ ಇನ್ವರ್ಟರ್ ಬೇಕು. ಅಲ್ಲಿಯವರೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ, ಆಂಪ್ಲಿಫೈಯರು, ಇಂಟರ್‌ಫೇಸು (ಕಂಪ್ಯೂಟರಿಗೆ ಸದ್ದು ಕೊಡುವ ಪೆಟ್ಟಿಗೆ) ಒಂದೇ ಬೋರ್ಡಿಗೆ ಚುಚ್ಚಿ. ಅರ್ಥಿಂಗ್ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ತಂತಿ ಹಿಡಿದ ಕೈಗೇ ಶಾಕ್ ಹೊಡೆಯುತ್ತದೆ, ಆ ಉಪಾಯ ಯಾರು ಹೇಳಿದರೂ ಕೇಳಬೇಡಿ.